ಎಸ್‌ಡಿಎಂಸಿ ಸಭೆಯಲ್ಲಿ ಶಾಲೆ ಸಿಬ್ಬಂದಿಗೆ ಗೌರವ: ಶಾಲು-ಹಾರ ಬಿಟ್ಟು ಬೇರೇನು ಮಾಡಬಹುದು?

ತುಂಗಾತೀರ, 8 ನವೆಂಬರ್ 2021

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಸದಸ್ಯೆ. ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ಕ್ಲಾಸಿನವರೂ ಬಂದ ಮೇಲೆ ಶಾಲೆ ಮತ್ತೆ ಶಾಲೆಯಂತೆ ಕಾಣುತ್ತಿದೆ. ನನ್ನ ಮಗಳು ಎರಡನೇ ಕ್ಲಾಸು. ಆದರೂ ಅವಳು ಕ್ಲಾಸ್ ರೂಮಿನೊಳಗೆ ಕೂತಿದ್ದು ಇದೇ ಮೊದಲು. ಕಳೆದ ವರ್ಷ ಒಂದನೇ ಕ್ಲಾಸು ಪೂರ್ತಿ ಮನೆಯಲ್ಲೇ ಕಳೆಯಿತು.

ಈ ತಿಂಗಳ ಸಭೆಗೆ ನಾಲ್ಕೈದು ವಿಷಯಗಳಿವೆ. ಶಾಲಾ ಅನುದಾನದ ಖರ್ಚಿಗೆ ಒಪ್ಪಿಗೆ, ಹುಡುಗಿಯರ ಶೌಚಾಲಯದ ನೀರಿನ ಪೈಪು, ಒಂದೂವರೆ ವರ್ಷ ಹಾಗೇ ಬಿದ್ದಿದ್ದ ಬಿಸಿಯೂಟದ ಒಲೆಯ ರಿಪೇರಿ. ಕೊನೆಯದು, ಕೊರೊನಾ ಕಾಲದಲ್ಲಿ ದುಡಿದ ಸಿಬ್ಬಂದಿಗೆ ಸನ್ಮಾನ. ಅಧ್ಯಕ್ಷರು ಶಿಕ್ಷಕರಿಗೆಲ್ಲ ಒಂದೊಂದು ಶಾಲು, ಹಾರ, ಒಂದು ಸ್ಮರಣಿಕೆ ಅಂದರು. ಅಡುಗೆಯವರಿಗೆ ಏನು ಅಂತ ನಾನು ಕೇಳಿದೆ. ಯಾರೂ ಬೇಡ ಅನ್ನಲಿಲ್ಲ. ಆದರೆ ಯಾರಿಗೂ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ನನಗೆ ಶಾಲು-ಹಾರದ ಮೇಲೆ ಕೋಪವಿಲ್ಲ. ಆದರೆ ಅರ್ಧ ಗಂಟೆ ಭಾಷಣ, ಒಂದು ಗ್ರೂಪ್ ಫೋಟೊ, ಅಲ್ಲಿಗೆ ಮುಗಿಯಿತು ಅನ್ನುವ ಹಾಗೆ ಆಗಬಾರದು. ನಿಮ್ಮ ಶಾಲೆಗಳಲ್ಲಿ ಏನು ಮಾಡಿದಿರಿ? ಸಮಿತಿಯ ಕೈಯಲ್ಲಿ ನಿಜವಾಗಿ ಏನು ಇದೆ? ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು, 8 ನವೆಂಬರ್ 2021

ಒಳ್ಳೆ ಪ್ರಶ್ನೆ ತಾಯಿ. ನಾನು ಈ ವರ್ಷವೇ ನಿವೃತ್ತನಾದೆ. ಹಾಗಾಗಿ ಸನ್ಮಾನ ಬೇಕು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ, ಆಗ ಏನೇನು ನಡೆಯಿತು ಅಂತ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಶಿಕ್ಷಕರಿಗೆ ರಜೆ ಸಿಕ್ಕಿತು ಅಂದುಕೊಂಡವರೇ ಜಾಸ್ತಿ. ನನ್ನ ಜೊತೆಯವರು ಮನೆ ಮನೆ ಸರ್ವೆಗೆ ಹೋದರು, ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿ ಮಾಡಿದರು, ಕ್ವಾರಂಟೈನ್ ಕೇಂದ್ರ ನೋಡಿಕೊಂಡರು, ಸೋಂಕಿತರ ಸಂಪರ್ಕಕ್ಕೆ ಬಂದವರ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಕೂತರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕುವಂತಿಲ್ಲ. ಅದಕ್ಕೆ ಮೂರು ವಿನಾಯಿತಿ ಇದೆ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಕೊರೊನಾ ಎರಡನೆಯದಕ್ಕೆ ಬಂತು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ಏರುತ್ತಿರುವಾಗಲೇ, ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ ಬಂತು. ಆ ಕರ್ತವ್ಯಕ್ಕೆ ಹೋಗಿ ಬಂದು ಸೋಂಕಿಗೆ ಬಲಿಯಾದ ಶಿಕ್ಷಕರ ಸುದ್ದಿಗಳನ್ನು ಆಗ ಪತ್ರಿಕೆಗಳಲ್ಲಿ ಓದಿದ್ದೇವೆ. ಈಗ ಅವರ ಮಾತು ಯಾರೂ ಎತ್ತುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಅಂಥವರು ಇದ್ದರೆ ಮೊದಲು ಅವರ ಮನೆಗೆ ಹೋಗಿ ಬನ್ನಿ.

ಇದರ ನಡುವೆ ವಿದ್ಯಾಗಮವೂ ನಡೆಯಿತು. 2020ರ ಆಗಸ್ಟಿನಲ್ಲಿ ಶುರುವಾಯಿತು. ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸಿಕೊಂಡು ಕಲಿಸಿದೆವು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. 2021ರ ಜನವರಿ 1ರಿಂದ ಶಾಲೆ ಆವರಣದಲ್ಲಿ ಮತ್ತೆ ನಡೆಸಿದರು. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಆ ಒಂದೂವರೆ ವರ್ಷದಲ್ಲಿ ಅಕ್ಷರದ ಸಂಬಂಧ ಪೂರ್ತಿ ಕಡಿಯದೆ ಉಳಿದಿದ್ದರೆ, ಅದರಲ್ಲಿ ಈ ಜಗಲಿ ಪಾಠದ ಪಾಲು ದೊಡ್ಡದು. ಇದು ನಾನು ಕಣ್ಣಾರೆ ಕಂಡದ್ದು.

ಬಯಲುಸೀಮೆ, 9 ನವೆಂಬರ್ 2021

ಶಾಲು ಹಾಕಿದರೆ ತಪ್ಪೇನು? ನಮ್ಮ ಕಡೆ ಹಿರಿಯರಿಗೆ, ಗುರುಗಳಿಗೆ ಗೌರವ ಕೊಡುವ ರೀತಿಯೇ ಅದು. ಮೇಡಂ ಒಬ್ಬರು ನಾವು ಹಾಕಿದ ಶಾಲನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅಡುಗೆಯವರಿಗೂ ಹಾಕಿ. ಖಂಡಿತ ಹಾಕಿ. ಆದರೆ ಶಾಲೇ ಬೇಡ ಅನ್ನಬೇಡಿ.

ಲೆಕ್ಕಪುಸ್ತಕ, 9 ನವೆಂಬರ್ 2021

ಶಾಲು ಹಾಕಿ, ಆದರೆ ದುಡ್ಡು ಎಲ್ಲಿಂದ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಾನು ಹಿಂದೆ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದೆ. ಮುಖ್ಯ ಶಿಕ್ಷಕರ ಜೊತೆ ಜಂಟಿ ಖಾತೆಗೆ ಸಹಿ ಹಾಕಿದವನು. ಅದಕ್ಕೆ ಹೇಳುತ್ತಿದ್ದೇನೆ.

ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ನೂರರ ಮೇಲೆ 250ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿಯ ಲೆಕ್ಕ. 250 ದಾಟಿ ಸಾವಿರದವರೆಗೆ 75,000. ಅದರಲ್ಲಿ ಕನಿಷ್ಠ ಶೇಕಡ 10 ಭಾಗ ಸ್ವಚ್ಛತೆಗೇ ಹೋಗಬೇಕು. ಉಳಿದದ್ದು ಕರೆಂಟು, ನೀರು, ಕಲಿಕೆ ಸಾಮಗ್ರಿ, ಸಣ್ಣಪುಟ್ಟ ರಿಪೇರಿಗೆ. ಸನ್ಮಾನಕ್ಕಲ್ಲ. ಹಾರ-ತುರಾಯಿಯ ಬಿಲ್ಲು ಇದರಲ್ಲಿ ಸೇರಿಸಿದರೆ ಆಮೇಲೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು. ನೀವು ಗೌರವಿಸಲು ಹೊರಟವರಿಗೇ ತೊಂದರೆ ಕೊಟ್ಟ ಹಾಗೆ ಆಗುತ್ತದೆ.

ದಾನಿಗಳಿಂದ ತಗೊಳ್ಳಿ, ರಸೀದಿ ಕೊಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅಲ್ಲಿಗೆ ಯಾರೂ ಬೆರಳು ತೋರಿಸುವಂತಿಲ್ಲ.

ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಮಿತಿಯ ಕೆಲಸ ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಸರಿಯಾಗಿ ಖರ್ಚಾಗಿದೆಯೇ ಅಂತ ಗಮನಿಸುವುದು. ಬಹಳ ಕಡೆ ಸದಸ್ಯರು ಬರುವುದೇ ಆಗಸ್ಟ್ 15ಕ್ಕೆ, ಜನವರಿ 26ಕ್ಕೆ. ಕೋರಂ (ಸಭೆಗೆ ಬೇಕಾದಷ್ಟು ಜನ) ಇಲ್ಲದೆ ಸಭೆ ಮುಂದಕ್ಕೆ ಹೋದಾಗ ಒದ್ದಾಡುವವರು ಶಿಕ್ಷಕರೇ. ಸಭೆಗೆ ಸರಿಯಾಗಿ ಬರುತ್ತೇವೆ ಅಂತ ಸದಸ್ಯರು ಮೊದಲು ಒಪ್ಪಿಕೊಳ್ಳಿ.

ಅಡುಗೆಮನೆ ಮಗಳು, 10 ನವೆಂಬರ್ 2021

ನಾನು ರಾಯಚೂರು ಕಡೆಯವಳು. ಅಮ್ಮ ಶಾಲೆಯಲ್ಲಿ ಬಿಸಿಯೂಟ ಅಡುಗೆ ಮಾಡುತ್ತಾಳೆ. 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಮೊದಲು ಶುರುವಾದಾಗಿನಿಂದ ಇದೇ ಕೆಲಸ. ಈ ಚರ್ಚೆಯಲ್ಲಿ ಅಡುಗೆಯವರ ಮಾತು ಬಂದದ್ದು ನೋಡಿ ಬರೆಯಬೇಕು ಅನ್ನಿಸಿತು.

ಮುಖ್ಯ ಅಡುಗೆಯವರಿಗೆ ತಿಂಗಳಿಗೆ 2,700 ರೂಪಾಯಿ, ಸಹಾಯಕರಿಗೆ 2,600. ಅದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕೇಂದ್ರದ ಲೆಕ್ಕದಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಉಳಿದದ್ದು ರಾಜ್ಯ ಸೇರಿಸುತ್ತದೆ. ಶಾಲೆ ಮುಚ್ಚಿದ ಮೇಲೆ ಅಮ್ಮನಿಗೆ ಕೆಲವು ತಿಂಗಳು ದುಡ್ಡು ಬರಲೇ ಇಲ್ಲ. ಆಮೇಲೆ ಒಟ್ಟಿಗೆ ಸ್ವಲ್ಪ ಬಂತು, ಇನ್ನು ಸ್ವಲ್ಪ ಬರಬೇಕು. ಯಾರನ್ನು ಕೇಳಬೇಕು ಅಂತಲೂ ಅವಳಿಗೆ ಗೊತ್ತಿರಲಿಲ್ಲ.

ಆದರೆ ಕೆಲಸ ನಿಂತಿರಲಿಲ್ಲ. ಶಾಲೆಯಲ್ಲಿ ಊಟ ಇಲ್ಲದಿದ್ದರೂ ಮಕ್ಕಳ ಪಾಲಿನ ಅಕ್ಕಿ, ಗೋಧಿ, ತೊಗರಿಬೇಳೆ ಮನೆಗೆ ಕೊಡಬೇಕಿತ್ತಲ್ಲ. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ ಶಾಲಾ ದಿನಕ್ಕೆ 100 ಗ್ರಾಂ ಧಾನ್ಯ, ಅದರ ಮೇಲಿನವರಿಗೆ 150 ಗ್ರಾಂ. ಐವತ್ತು ದಿನದ್ದು ಒಟ್ಟಿಗೆ ಕೊಡುವಾಗ ಚಿಕ್ಕವರಿಗೆ ಐದು ಕಿಲೊ, ದೊಡ್ಡವರಿಗೆ ಏಳೂವರೆ ಕಿಲೊ. ಮೂಟೆ ಬಿಚ್ಚಿ, ಹುಳ ಆರಿಸಿ, ತೂಕ ಮಾಡಿ, ಒಂದೊಂದು ಮಗುವಿನ ಪಾಲು ಬೇರೆ ಮಾಡಿ ಇಟ್ಟವರು ಅಮ್ಮ ಮತ್ತು ಅವಳ ಜೊತೆಯವರು. ಮೇಷ್ಟ್ರು ಹೆಸರು ಕೂಗಿ ಸಹಿ ತಗೊಳ್ಳುತ್ತಿದ್ದರು. ಒಂದು ಮುಷ್ಟಿ ಕಡಿಮೆ ಆದರೂ ಊರಲ್ಲಿ ಮಾತು ಬರುವುದು ಅಡುಗೆಯವರ ಮೇಲೆ. ಹಾಗಾಗಿ ಅಮ್ಮ ತಕ್ಕಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಬಾಗಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಮಾಸ್ಕನ್ನು ನಾನೇ ಹೊಲಿದುಕೊಟ್ಟಿದ್ದೆ.

ನೀವು ಅಮ್ಮನಿಗೆ ಏನು ಕೊಡಬಹುದು ಅಂತ ಕೇಳಿದರೆ, ಬಾಕಿ ದುಡ್ಡು ಯಾವಾಗ ಬರುತ್ತದೆ ಅಂತ ಸಮಿತಿಯವರು ಒಂದು ಪತ್ರ ಬರೆದು ಕೇಳಲಿ. ಅವಳೊಬ್ಬಳೇ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ತುಂಗಾತೀರ, 10 ನವೆಂಬರ್ 2021

ತಂಗೀ, ನೀವು ಬರೆದದ್ದನ್ನು ನಮ್ಮ ಸಮಿತಿಯ ಮೂರ್ನಾಲ್ಕು ಜನರಿಗೆ ಓದಿ ಹೇಳಿದೆ. ನಮ್ಮ ಶಾಲೆಯ ಅಡುಗೆಯವರಿಗೂ ಬಾಕಿ ಇದೆಯಾ ಅಂತ ವಿಚಾರಿಸಿದೆ. ಇದೆ. ನಮ್ಮ ಮಕ್ಕಳಿಗೆ ದಿನವೂ ಊಟ ಬಡಿಸುವವರು ಅವರು. ಆದರೂ ಇಷ್ಟು ದಿನ ಇದು ಸಭೆಯ ವಿಷಯವೇ ಆಗಿರಲಿಲ್ಲ.

ಪತ್ರ ಯಾರಿಗೆ ಬರೆಯಬೇಕು? ಗೊತ್ತಿದ್ದವರು ಹೇಳಿ.

ಲೆಕ್ಕಪುಸ್ತಕ, 10 ನವೆಂಬರ್ 2021

ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ಇರುತ್ತಾರೆ. ಅವರಿಗೆ ಬರೆಯಿರಿ, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಪ್ರತಿ ಕಳಿಸಿ. ಯಾವ ತಿಂಗಳು ಬಂದಿದೆ, ಯಾವುದು ಬಂದಿಲ್ಲ ಅಂತ ಪಾಸ್‌ಬುಕ್ ನೋಡಿ ಬರೆಯಬೇಕು. "ಹಲವು ತಿಂಗಳಿಂದ ಬಂದಿಲ್ಲ" ಅಂತ ಬರೆದರೆ ಪತ್ರ ಅಲ್ಲೇ ಉಳಿಯುತ್ತದೆ. ಸಭೆಯ ಠರಾವಿನ ನಕಲನ್ನೂ ಜೊತೆಗಿಟ್ಟರೆ ತೂಕ ಬರುತ್ತದೆ.

ಮುಖ್ಯ ಶಿಕ್ಷಕಿ, 11 ನವೆಂಬರ್ 2021

ನಾನು ಬೇರೆ ಜಿಲ್ಲೆಯಲ್ಲಿ ಮುಖ್ಯ ಶಿಕ್ಷಕಿ. ಸನ್ಮಾನದ ಬಗ್ಗೆ ಶಿಕ್ಷಕರು ತಾವಾಗಿ ಮಾತಾಡುವುದು ಕಷ್ಟ. ಆದರೂ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಸ್ವಚ್ಛತೆಗೆ ಅಂತ ಯಾರೂ ಇಲ್ಲ. ಹೈಸ್ಕೂಲಿನಲ್ಲಿ ಡಿ ಗ್ರೂಪ್ ನೌಕರರು ಇರಬಹುದು, ನಮ್ಮಂಥ ಪ್ರಾಥಮಿಕ ಶಾಲೆಗೆ ಅದೂ ಇಲ್ಲ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ಕ್ಲಾಸು ಶುರು ಅಂತ ಆದೇಶ ಬಂದಾಗ ಕೊಠಡಿ ತೊಳೆದವರು ನಾವು, ನಮ್ಮ ಅಡುಗೆಯವರು, ಮತ್ತು ಇಬ್ಬರು ತಾಯಂದಿರು. ಪಂಚಾಯಿತಿಯವರು ಒಮ್ಮೆ ಔಷಧಿ ಸಿಂಪಡಿಸಿ ಹೋದರು. ದಿನಾ ಬೆಂಚು ಒರೆಸುವುದು, ಕೈ ತೊಳೆಯಲು ನೀರು ತುಂಬಿಸುವುದು, ಶೌಚಾಲಯ ನೋಡಿಕೊಳ್ಳುವುದು ಯಾರ ಕೆಲಸ ಅಂತ ಯಾವ ಕಾಗದದಲ್ಲೂ ಇಲ್ಲ. ಹಾಗಾಗಿ ಯಾರಿಗೆ ಮಕ್ಕಳ ಮೇಲೆ ಕಾಳಜಿ ಜಾಸ್ತಿಯೋ ಅವರ ತಲೆಗೆ ಬೀಳುತ್ತದೆ. ಅಡುಗೆಯವರು ಕೈ ಜೋಡಿಸಿದ್ದು ಅವರ ದೊಡ್ಡತನ. ಹಾಗಂತ ಅದನ್ನು ಅವರ ಕರ್ತವ್ಯ ಅಂತ ಮಾಡಬಾರದು. ಅಡುಗೆ ಮಾಡುವ ಕೈಗೆ ಶೌಚಾಲಯದ ಕೆಲಸ ಕೊಡುವುದು ಯಾವ ಕಾಲಕ್ಕೂ ಸರಿಯಲ್ಲ.

ಪಾಠದ ಮಾತು. ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು. ಟಿವಿ ಇದ್ದ ಮಕ್ಕಳು ನೋಡಿದರು. ನೋಡಿದ ಮೇಲೆ ಗೊತ್ತಾಗದ್ದನ್ನು ಕೇಳಲು ಶಿಕ್ಷಕರಿಗೇ ಫೋನ್ ಮಾಡುತ್ತಿದ್ದರು. ಅಪ್ಪ ಕೆಲಸದಿಂದ ಬಂದ ಮೇಲೆ ಮಾತ್ರ ಮೊಬೈಲ್ ಸಿಗುವ ಮನೆಗಳು ಎಷ್ಟೋ. ಹಾಗಾಗಿ ರಾತ್ರಿ ಊಟದ ಹೊತ್ತಿಗೇ ಲೆಕ್ಕ ಹೇಳಿಕೊಡಬೇಕಾಗುತ್ತಿತ್ತು. ನಮ್ಮ ಶಿಕ್ಷಕಿಯೊಬ್ಬರು ತಮ್ಮ ಮಗುವಿಗೆ ಊಟ ಮಾಡಿಸುತ್ತಾ ಬೇರೆಯವರ ಮಗುವಿಗೆ ಭಾಗಾಕಾರ ಹೇಳಿಕೊಟ್ಟದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಸರ್ಕಾರಿ ದಾಖಲೆಯಲ್ಲಿ ಇದು ಎಲ್ಲೂ ಬರುವುದಿಲ್ಲ.

ನಮಗೆ ಸಮಿತಿಯಿಂದ ಬೇಕಾದದ್ದು ಇದು: ಸ್ವಚ್ಛತೆಗೆ ಒಂದು ಶಾಶ್ವತ ದಾರಿ ಹುಡುಕಿಕೊಡಿ. ಪಂಚಾಯಿತಿಯ ಜೊತೆ ನಾವು ಮಾತಾಡುವುದಕ್ಕೂ ಪೋಷಕರು ಹೋಗಿ ಮಾತಾಡುವುದಕ್ಕೂ ವ್ಯತ್ಯಾಸ ಇದೆ. ಓಟು ಹಾಕುವವರು ನೀವು.

ದುಡಿವ ಅಪ್ಪ, 11 ನವೆಂಬರ್ 2021

ಎಲ್ಲರೂ ಹೊಗಳುತ್ತಿದ್ದೀರಿ. ನನ್ನ ಅನುಭವ ಬೇರೆ. ನನ್ನ ಮಗನ ಕ್ಲಾಸ್ ಟೀಚರು ಆ ಒಂದೂವರೆ ವರ್ಷದಲ್ಲಿ ಒಂದು ಫೋನ್ ಕೂಡ ಮಾಡಲಿಲ್ಲ. ವಿದ್ಯಾಗಮಕ್ಕೂ ನಮ್ಮ ಬೀದಿಗೆ ಬರಲಿಲ್ಲ. ಈಗ ಮಗ ನಾಲ್ಕನೇ ಕ್ಲಾಸು. ಒತ್ತಕ್ಷರ ಓದಲು ಬರುವುದಿಲ್ಲ. ನಾನು ಗಾರೆ ಕೆಲಸ ಮಾಡುವವನು, ಮನೆಯಲ್ಲಿ ಹೇಳಿಕೊಡುವಷ್ಟು ಓದಿಲ್ಲ. ಲಾಕ್‌ಡೌನ್‌ನಲ್ಲಿ ನನಗೆ ಕೂಲಿ ಇರಲಿಲ್ಲ, ಅವರಿಗೆ ಸಂಬಳ ನಿಲ್ಲಲಿಲ್ಲ. ಅವರಿಗೂ ಶಾಲು ಹಾಕುವಾಗ ನಾನು ಚಪ್ಪಾಳೆ ತಟ್ಟಬೇಕಾ? ಸಿಟ್ಟಿಗಲ್ಲ, ನೋವಿಗೆ ಕೇಳುತ್ತಿದ್ದೇನೆ.

ಹಳೇ ಮೇಷ್ಟ್ರು, 11 ನವೆಂಬರ್ 2021

ನಿಮ್ಮ ನೋವು ನ್ಯಾಯವಾದದ್ದು. ಕೆಲಸ ಮಾಡದವರೂ ನಮ್ಮ ನಡುವೆ ಇದ್ದರು. ಇದನ್ನು ಶಿಕ್ಷಕನಾಗಿಯೇ ಹೇಳುತ್ತೇನೆ. ಎಲ್ಲರಿಗೂ ಒಂದೇ ಶಾಲು ಹಾಕಿದರೆ ಜೀವ ಕೈಯಲ್ಲಿ ಹಿಡಿದು ದುಡಿದವರಿಗೇ ಅವಮಾನ ಮಾಡಿದ ಹಾಗೆ.

ಆದರೆ ಒಂದು ವಿಚಾರಿಸಿ ನೋಡಿ. ಆ ಟೀಚರು ಆಗ ಬೇರೆ ಕರ್ತವ್ಯದಲ್ಲಿ ಇದ್ದರಾ? ಕೆಲವರನ್ನು ತಿಂಗಳುಗಟ್ಟಲೆ ಕೋವಿಡ್ ಕೆಲಸಕ್ಕೆ ಹಾಕಿದ್ದರು. ಅವರ ಕ್ಲಾಸನ್ನು ಯಾರಿಗೂ ವಹಿಸಿರಲಿಲ್ಲ. ಅದು ಹೌದಾದರೆ ದೂರು ಆ ವ್ಯವಸ್ಥೆಯ ಮೇಲೆ. ಅಲ್ಲವಾದರೆ ನೀವು ಸಭೆಯಲ್ಲಿ ಎದ್ದು ಕೇಳಬೇಕು. ಮಗನ ಓದಿನ ಬಗ್ಗೆ ಕೇಳುವ ಹಕ್ಕು ನಿಮ್ಮದು. ಈಗಲೇ ಕೇಳಿ, ನಾಲ್ಕನೇ ಕ್ಲಾಸು ಅಂದರೆ ಇನ್ನೂ ತಡವಾಗಿಲ್ಲ. ಒತ್ತಕ್ಷರಕ್ಕೆ ದಿನಾ ಅರ್ಧ ಗಂಟೆಯಂತೆ ಎರಡು ತಿಂಗಳು ಕೂರಿಸಿಕೊಂಡರೆ ಮಗು ಓದುತ್ತದೆ. ಎಷ್ಟೋ ಮಕ್ಕಳನ್ನು ಹಾಗೆ ದಾಟಿಸಿದ್ದೇನೆ.

ತುಂಗಾತೀರ, 12 ನವೆಂಬರ್ 2021

ಅಣ್ಣಾ, ನೀವು ಹೇಳಿದ್ದು ಓದಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. "ಸಮಸ್ತ ಶಿಕ್ಷಕ ವೃಂದಕ್ಕೆ ಅಭಿನಂದನೆ" ಅನ್ನುವ ಒಂದು ಸಾಲು ಬರೆಯುವುದು ಬೇಡ. ಯಾರು ಏನು ಮಾಡಿದರು ಅಂತ ಕೇಳಿ ತಿಳಿದು ಅದನ್ನೇ ಬರೆಯೋಣ. ಯಾರ ಬಗ್ಗೆ ಬರೆಯಲು ಏನೂ ಸಿಗುವುದಿಲ್ಲವೋ ಅವರ ಬಗ್ಗೆ ಸುಳ್ಳು ಬರೆಯುವುದು ಬೇಡ. ದೂರನ್ನೂ ಅದೇ ದಿನ ತರುವುದು ಬೇಡ, ಅದಕ್ಕೆ ಬೇರೆ ಸಭೆ ಇರಲಿ.

ನಮ್ಮ ಸಮಿತಿಯಲ್ಲಿ ಇದಕ್ಕೆ ಸ್ವಲ್ಪ ವಿರೋಧ ಬರಬಹುದು. "ಹೆಸರು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ" ಅಂತ ಈಗಾಗಲೇ ಒಬ್ಬರು ಅಂದರು. ಇರಲಿ, ನಾನು ಮಾತಾಡುತ್ತೇನೆ.

ಖಾಸಗಿ ಶಾಲೆ ಟೀಚರ್, 12 ನವೆಂಬರ್ 2021

ಸರ್ಕಾರಿ ಶಾಲೆಯ ಚರ್ಚೆ ಇದು ಅಂತ ಗೊತ್ತು. ಆದರೂ ಎರಡು ಮಾತು. ನಾನು ಒಂದು ಸಣ್ಣ ಅನುದಾನರಹಿತ ಶಾಲೆಯಲ್ಲಿ ಇದ್ದೆ. 2020ರ ಜೂನ್‌ನಿಂದ ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಆನ್‌ಲೈನ್ ಕ್ಲಾಸು ಮಾತ್ರ ತಪ್ಪಲಿಲ್ಲ, ನೆಟ್ ದುಡ್ಡೂ ನನ್ನದೇ. ಈ ವರ್ಷ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆ ಶಿಕ್ಷಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಅಷ್ಟೇ. ಈಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೆಯ ವಿದ್ಯಾರ್ಥಿಯ ತಾಯಿ ಅಂಗಡಿಗೆ ಬಂದಾಗ "ಮಿಸ್, ಅವನು ನಿಮ್ಮನ್ನೇ ಕೇಳುತ್ತಿರುತ್ತಾನೆ" ಅಂದರು. ಆವತ್ತು ಬಹಳ ಸಂತೋಷವಾಯಿತು.

ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವವರೂ ಇಲ್ಲಿ ಇದ್ದೀರಿ. ಫೀಸಿನ ಮಾತಾಡುವಾಗ ಟೀಚರಿಗೆ ಸಂಬಳ ಹೋಗುತ್ತಿದೆಯಾ ಅಂತ ಒಂದು ಮಾತು ಆಡಳಿತದವರನ್ನು ಕೇಳಿ.

ಬಯಲುಸೀಮೆ, 12 ನವೆಂಬರ್ 2021

ಕೇಳುತ್ತೇನೆ ಮೇಡಂ. ನನ್ನ ದೊಡ್ಡ ಮಗಳು ಅಂಥ ಶಾಲೆಯಲ್ಲೇ ಇದ್ದಾಳೆ.

ಹೈಸ್ಕೂಲ್ ಗಣಿತ, 13 ನವೆಂಬರ್ 2021

ಹೈಸ್ಕೂಲಿನ ಕಡೆಯಿಂದ ಒಂದು ನೆನಪು. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು. ಎಷ್ಟೋ ರಾಜ್ಯಗಳು ಕೈ ಬಿಟ್ಟಿದ್ದ ಕೆಲಸ ಅದು. ಗೇಟಿನಲ್ಲಿ ಜ್ವರ ನೋಡುವುದು, ಕೈಗೆ ಸ್ಯಾನಿಟೈಸರ್, ದೂರ ದೂರ ಕೂರಿಸುವುದು. ಈ ವರ್ಷ ಜುಲೈ 19 ಮತ್ತು 22ರಂದು ಎರಡೇ ದಿನ, ದಿನಕ್ಕೆ ಮೂರು ವಿಷಯ, ಬರೀ ಬಹು ಆಯ್ಕೆ ಪ್ರಶ್ನೆ. ಓಎಂಆರ್ ಹಾಳೆಯನ್ನೇ ನೋಡಿರದ ಮಕ್ಕಳಿಗೆ ಗುಂಡಿ ತುಂಬುವುದನ್ನು ಕಲಿಸಲು ಶಿಕ್ಷಕರು ಊರೂರು ತಿರುಗಿದರು.

ಆ ದಿನಗಳಲ್ಲಿ ನಮ್ಮ ಶಾಲೆಯ ಜವಾನರು ಎಲ್ಲರಿಗಿಂತ ಮೊದಲು ಬಂದು ಬೆಂಚು ಒರೆಸಿ, ಎಲ್ಲರೂ ಹೋದ ಮೇಲೆ ಬೀಗ ಹಾಕಿ ಹೋಗುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಬರಬೇಡಿ ಅಂದರೂ ಬಂದರು. ನಿಮ್ಮ ಪಟ್ಟಿಯಲ್ಲಿ ಇಂಥವರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಿ.

ತುಂಗಾತೀರ, 15 ನವೆಂಬರ್ 2021

ಎಲ್ಲರ ಮಾತು ಸೇರಿಸಿ ಠರಾವಿನ ಒಂದು ಕರಡು ಬರೆದಿದ್ದೇನೆ. ಹೆಸರುಗಳನ್ನು ಇಲ್ಲಿ ಹಾಕಿಲ್ಲ.

"2020ರ ಮಾರ್ಚ್‌ನಿಂದ ಶಾಲೆ ಮುಚ್ಚಿದ್ದ ಅವಧಿಯಲ್ಲಿ ಐದು ಬೀದಿಗಳಲ್ಲಿ ವಿದ್ಯಾಗಮ ತರಗತಿ ನಡೆಸಿದ ಶಿಕ್ಷಕಿಯರಿಗೆ, ಕೋವಿಡ್ ಸರ್ವೆ ಕರ್ತವ್ಯದ ಜೊತೆಗೆ ಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳಿದ ಶಿಕ್ಷಕರಿಗೆ, ಮಕ್ಕಳ ಪಾಲಿನ ಆಹಾರ ಧಾನ್ಯವನ್ನು ಕೊರತೆ ಬಾರದಂತೆ ತೂಕ ಮಾಡಿ ಹಂಚಿದ ಮತ್ತು ಶಾಲೆ ತೆರೆಯುವಾಗ ಕೊಠಡಿ ಸ್ವಚ್ಛ ಮಾಡಲು ಕೈ ಜೋಡಿಸಿದ ಅಡುಗೆಯವರಿಗೆ ಈ ಸಮಿತಿ ಕೃತಜ್ಞತೆ ಸಲ್ಲಿಸುತ್ತದೆ. ಅಡುಗೆಯವರ ಬಾಕಿ ಗೌರವಧನದ ಬಗ್ಗೆ ತಾಲ್ಲೂಕು ಪಂಚಾಯಿತಿಗೆ ಪತ್ರ ಬರೆಯಲು, ಶಾಲೆಯ ಸ್ವಚ್ಛತೆಗೆ ಒಬ್ಬರನ್ನು ಒದಗಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೋರಲು, ಓದಿನಲ್ಲಿ ಹಿಂದೆ ಉಳಿದ ಮಕ್ಕಳ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ನೋಡಲು ತೀರ್ಮಾನಿಸಲಾಯಿತು."

ಏನಾದರೂ ಬಿಟ್ಟಿದ್ದೇನಾ?

ಲೆಕ್ಕಪುಸ್ತಕ, 15 ನವೆಂಬರ್ 2021

ಯಾರು ಪತ್ರ ತಗೊಂಡು ಹೋಗುತ್ತಾರೆ, ಯಾವ ತಾರೀಖಿನೊಳಗೆ ಅಂತ ಸೇರಿಸಿ. ಹೆಸರು, ತಾರೀಖು ಇಲ್ಲದ ಠರಾವು ಪುಸ್ತಕದಲ್ಲೇ ಉಳಿಯುತ್ತದೆ. ಪತ್ರ ಕೊಟ್ಟಾಗ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಮುಖ್ಯ ಶಿಕ್ಷಕಿ, 15 ನವೆಂಬರ್ 2021

ತುಂಬಾ ಚೆನ್ನಾಗಿದೆ. ಒಂದೇ ಬದಲಾವಣೆ. ಸ್ವಚ್ಛತೆಗೆ ಕೈ ಜೋಡಿಸಿದ ಪೋಷಕರನ್ನೂ ಸೇರಿಸಿ. ಮತ್ತೆ ಈ ಠರಾವಿನ ನಕಲನ್ನು ಒಬ್ಬೊಬ್ಬರಿಗೂ ಸಹಿ, ಸೀಲು ಹಾಕಿ ಕೊಡಿ. ನನ್ನ ಸೇವೆಯಲ್ಲಿ ಪೋಷಕರ ಸಮಿತಿ ನನ್ನ ಕೆಲಸವನ್ನು ಹೀಗೆ ಬಿಡಿಸಿ ಬರೆದಿದ್ದರೆ ಆ ಹಾಳೆಗೆ ಚೌಕಟ್ಟು ಹಾಕಿಸುತ್ತಿದ್ದೆ.

ತುಂಗಾತೀರ, 29 ನವೆಂಬರ್ 2021

ಸಭೆ ಮುಗಿಯಿತು. ಕೋರಂ ತುಂಬಿ ಇನ್ನೂ ಜಾಸ್ತಿ ಜನ ಬಂದಿದ್ದರು. ಅನುದಾನದ ಖರ್ಚಿಗೆ ಒಪ್ಪಿಗೆ ಆಯಿತು, ಪೈಪು ರಿಪೇರಿಗೆ ಒಬ್ಬರು ಪ್ಲಂಬರ್ ಪೋಷಕರೇ ಕೂಲಿ ಬೇಡ ಅಂದರು, ಸಾಮಾನಿನ ದುಡ್ಡು ಮಾತ್ರ.

ಶಾಲನ್ನು ಊರಿನ ಒಬ್ಬ ದಾನಿ ಕೊಡಿಸಿದರು. ಅಡುಗೆಯವರಿಗೂ ಅದೇ ಶಾಲು. ಅವರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದೆವು. ಮೊದಲು ಬೇಡ ಅಂದರು, ಮೇಡಂ ಕೈ ಹಿಡಿದು ಕರೆದುಕೊಂಡು ಬಂದರು. ಠರಾವನ್ನು ಅಧ್ಯಕ್ಷರು ಪೂರ್ತಿ ಓದಿದರು. ಒಬ್ಬ ಶಿಕ್ಷಕರ ಹೆಸರು ಇರಲಿಲ್ಲ. ಅವರು ಬೇಜಾರು ಮಾಡಿಕೊಂಡದ್ದು ಕಂಡಿತು. ಆದರೆ ಹಿಂದೆ ಉಳಿದ ಮಕ್ಕಳ ಪಟ್ಟಿ ಮಾಡುವ ಕೆಲಸವನ್ನು ಅವರೇ ಕೇಳಿ ತಗೊಂಡರು. ನನಗೆ ಇದು ಬಹಳ ಹಿಡಿಸಿತು.

ಪತ್ರ ಕೊಟ್ಟಾಯಿತು. ಸೀಲು ಹಾಕಿಸಿಕೊಂಡಿದ್ದೇನೆ. ಗ್ರಾಮ ಪಂಚಾಯಿತಿಯವರು ಮುಂದಿನ ಸಭೆಯಲ್ಲಿ ಇಡುತ್ತೇವೆ ಅಂದಿದ್ದಾರೆ. ಬಿಡುವುದಿಲ್ಲ.

ದುಡಿವ ಅಪ್ಪ, 2 ಡಿಸೆಂಬರ್ 2021

ನಾನೂ ನಮ್ಮ ಶಾಲೆಗೆ ಹೋಗಿ ಕೇಳಿದೆ. ಮೇಷ್ಟ್ರು ಹೇಳಿದ್ದು ನಿಜ, ಆ ಟೀಚರನ್ನು ತಿಂಗಳುಗಟ್ಟಲೆ ಬೇರೆ ಕರ್ತವ್ಯಕ್ಕೆ ಹಾಕಿದ್ದರಂತೆ. ಅಷ್ಟೂ ದಿನ ಅಲ್ಲ, ಆದರೆ ಬಹಳ ದಿನ. ಈಗ ಸಂಜೆ ನಾಲ್ಕು ಗಂಟೆ ಮೇಲೆ ಮಗನನ್ನೂ ಇನ್ನು ಕೆಲವರನ್ನೂ ಕೂರಿಸಿಕೊಂಡು ಓದಿಸುತ್ತಿದ್ದಾರೆ. ಮನೆಗೆ ಬಂದು ಗೋಡೆ ಮೇಲಿನ ಕ್ಯಾಲೆಂಡರ್ ಓದಿ ತೋರಿಸಿದ.

ಅಡುಗೆಮನೆ ಮಗಳು, 5 ಮಾರ್ಚ್ 2022

ಹಳೆಯ ಚರ್ಚೆ ಮತ್ತೆ ಎತ್ತುತ್ತಿದ್ದೇನೆ. ನಿನ್ನೆಯ ಬಜೆಟ್‌ನಲ್ಲಿ ಬಿಸಿಯೂಟ ಅಡುಗೆಯವರ ಗೌರವಧನ 1,000 ರೂಪಾಯಿ ಜಾಸ್ತಿ ಮಾಡುತ್ತೇವೆ ಅಂತ ಹೇಳಿದ್ದಾರೆ. ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ಆಗುತ್ತದೆ. ಅಮ್ಮನಿಗೆ ಹೇಳಿದೆ. ಬಂದ ಮೇಲೆ ನೋಡೋಣ ಅಂದಳು.

ತುಂಗಾತೀರ ಅಕ್ಕ, ನಿಮ್ಮ ಕರಡು ನೋಡಿ ನಮ್ಮ ಸಮಿತಿಯವರೂ ಪತ್ರ ಬರೆದರು. ಬಾಕಿಯಲ್ಲಿ ಎರಡು ತಿಂಗಳದ್ದು ಜನವರಿಯಲ್ಲಿ ಖಾತೆಗೆ ಬಂತು. ಇನ್ನೂ ಸ್ವಲ್ಪ ಇದೆ. ಹೊಸ ದರ ಯಾವ ತಿಂಗಳಿಂದ ಲೆಕ್ಕ ಅಂತ ಯಾರಿಗಾದರೂ ಗೊತ್ತಾದರೆ ಇಲ್ಲಿ ಹಾಕಿ.

ಲೆಕ್ಕಪುಸ್ತಕ, 5 ಮಾರ್ಚ್ 2022

ಬಜೆಟ್‌ನಲ್ಲಿ ಹೇಳಿದ ಮೇಲೆ ಬೇರೆ ಆದೇಶ ಆಗಬೇಕು. ಅದರಲ್ಲಿ ಜಾರಿ ತಾರೀಖು ಇರುತ್ತದೆ. ಅಲ್ಲಿಯವರೆಗೆ ಹಳೇ ಬಾಕಿಯ ಪತ್ರಕ್ಕೆ ಒಂದು ನೆನಪೋಲೆ ಕಳಿಸಿ, ಮೊದಲ ಪತ್ರದ ಸೀಲಿನ ತಾರೀಖು ಅದರಲ್ಲಿ ನಮೂದಿಸಿ. ಆದೇಶ ಸಿಕ್ಕ ದಿನ ನಾನೇ ಇಲ್ಲಿ ಹಾಕುತ್ತೇನೆ.